ಕಲ್ಲುಧೂಳಿನ ಡಾಕ್ಟರಮ್ಮ

ಈ ದೇಶಕ್ಕೆ ಬಂದ ಮೇಲೆ ಡಾಕ್ಟರಮ್ಮನಿಗೆ ಸಿಕ್ಕ ಮೊದಲ ಕೆಲಸ, ವೃದ್ಧಾಶ್ರಮವೊಂದರಲ್ಲಿ ಮುದುಕರ ಬಾಯಿ ಒರೆಸುವುದು. ತನ್ನ ದೇಶದಲ್ಲಿ ಆಕೆ ಸರ್ಕಾರಿ ಆಸ್ಪತ್ರೆಯ ಇಡೀ ಒಂದು ವಾರ್ಡನ್ನು ನೋಡಿಕೊಳ್ಳುತ್ತಿದ್ದವಳು. ಬೆಳಿಗ್ಗೆ ರೌಂಡ್ಸಿಗೆ ಹೊರಟರೆ ಹಿಂದೆ ಕಿರಿಯ ವೈದ್ಯರ ದಂಡೇ ಇರುತ್ತಿತ್ತು. ಗಲಭೆ ಹಬ್ಬಿ ಆಸ್ಪತ್ರೆಯ ಅರ್ಧ ಕಟ್ಟಡ ಸುಟ್ಟುಹೋದ ವರ್ಷ ಗಂಡ ಮತ್ತು ಪುಟ್ಟ ಮಗಳ ಜೊತೆ ಸಿಕ್ಕಿದ್ದನ್ನು ಕಟ್ಟಿಕೊಂಡು ಹೊರಟುಬಂದಳು. ಇಲ್ಲಿನ ವೈದ್ಯಕೀಯ ಮಂಡಳಿಯ ಗುಮಾಸ್ತ ಆಕೆಯ ಪದವಿಪತ್ರವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಇದು ಇಲ್ಲಿ ನಡೆಯುವುದಿಲ್ಲ, ಪರೀಕ್ಷೆಗಳನ್ನೆಲ್ಲ ಮೊದಲಿಂದ ಬರೆಯಬೇಕು, ಪಾಸಾದರೆ ತರಬೇತಿ, ಅಲ್ಲಿಯವರೆಗೆ ರೋಗಿಯ ಮೈ ಮುಟ್ಟುವಂತಿಲ್ಲ ಎಂದು ವಿನಯವಾಗಿಯೇ ಹೇಳಿದ.

ಬಾಯಿ ಒರೆಸುವುದಕ್ಕೆ ಮಾತ್ರ ಯಾವ ಪರೀಕ್ಷೆಯೂ ಇರಲಿಲ್ಲ. ಕಿಟಕಿಯ ಪಕ್ಕದ ಹಾಸಿಗೆಯ ಮುದುಕನ ಕಾಲು ಊದಿಕೊಂಡಿದ್ದನ್ನು ಕಂಡು, ಇವರ ಹೃದಯ ನೋಡಿಸಬೇಕು ಎಂದು ಒಮ್ಮೆ ಹೇಳಹೋದಳು. ಮೇಲ್ವಿಚಾರಕಿ ಚಮಚ ತೋರಿಸಿ, ನಿಮ್ಮ ಕೆಲಸ ಇದು ಎಂದಳು. ಅಂದಿನಿಂದ ಡಾಕ್ಟರಮ್ಮ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಳ್ಳುವುದನ್ನು ಕಲಿತಳು. ಸಂಜೆ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿದರೆ ಸಾಕು, ನಿದ್ದೆ. ಎಷ್ಟೋ ಸಲ ಕೊನೆಯ ನಿಲ್ದಾಣದಲ್ಲಿ ಡ್ರೈವರ್ ಎಬ್ಬಿಸಿದ್ದುಂಟು.

ಇರಲು ಜಾಗ ಕೊಟ್ಟವನು ದೊಡ್ಡಣ್ಣ. ಅವನ ನಿಜವಾದ ಹೆಸರನ್ನು ಕೇಳಿದವರೇ ಕಡಿಮೆ. ಆಕೆಯ ದೇಶದವರು ಯಾರೇ ಬಂದು ರೈಲು ನಿಲ್ದಾಣದಲ್ಲಿ ಗಂಟುಮೂಟೆ ಹಿಡಿದು ಕಣ್ಣುಕಣ್ಣು ಬಿಡುತ್ತ ನಿಂತರೂ ಯಾರಾದರೂ ಅವನ ಷೆಡ್ಡಿನ ದಾರಿ ತೋರಿಸುತ್ತಿದ್ದರು. ಅಡುಗೆಮನೆಯ ಕಟ್ಟೆಗೆ ಹಾಸುವ ಕಲ್ಲನ್ನು ಅಳತೆಗೆ ಕೊಯ್ದು, ಅಂಚು ನುಣ್ಣಗೆ ಉಜ್ಜಿ, ಮನೆಗಳಿಗೆ ಒಯ್ದು ಕೂರಿಸುವ ಕಸುಬು ಅವನದು. ಸ್ವತಃ ಕಲ್ಲು ಕೊಯ್ಯುತ್ತಲೇ ಮೇಲೆ ಬಂದವನು. ಭಾಷೆ ಬರದವನಿಗೂ, ಕಾಗದಪತ್ರ ಇನ್ನೂ ಆಗದವನಿಗೂ ಅವನಲ್ಲಿ ಕೆಲಸವಿತ್ತು. ಡಾಕ್ಟರಮ್ಮನ ಸಂಸಾರವನ್ನು ಷೆಡ್ಡಿನ ಅಟ್ಟದ ಮೇಲಿನ ಎರಡು ಕೋಣೆಗಳಲ್ಲಿ ಇರಿಸಿಕೊಂಡ. ಊರಿನಲ್ಲಿ ಗಣಿತದ ಮೇಷ್ಟ್ರಾಗಿದ್ದ ಆಕೆಯ ಗಂಡನಿಗೆ ಕಲ್ಲಿನ ಅಳತೆ ತೆಗೆಯುವ ಕೆಲಸ ಕೊಟ್ಟ. ಇಲ್ಲಿ ಗಂಡನನ್ನು ಮೇಷ್ಟ್ರು ಎಂದು ಕರೆಯಲು ಮೊದಲು ಶುರುಮಾಡಿದ್ದೂ ಅವನೇ. "ಕರೆಯೋಕಾದ್ರೂ ಮೇಷ್ಟ್ರು ಅಂತ ಇರ್ಲಿ ಬಿಡಿ" ಎಂದು ನಗುತ್ತಿದ್ದ. ಡಾಕ್ಟರಮ್ಮ ಅವನಿಗೆ 'ತಂಗಿ' ಆದಳು. ಅದು ಬಾಯಿಮಾತಿನ ತಂಗಿಯಲ್ಲ. ಮಗಳಿಗೆ ಜ್ವರ ಬಂದರೆ ಅವನ ಹೆಂಡತಿಯೇ ಗಂಜಿ ಮಾಡಿ ಮೇಲಕ್ಕೆ ತರುತ್ತಿದ್ದಳು.

ಅದೇ ಅಟ್ಟದ ಮೇಲೆ ಆಕೆ ಪರೀಕ್ಷೆಗೆ ಓದಿದ್ದು. ಕೆಳಗೆ ಕೊಯ್ಯುವ ಚಕ್ರ ಕಿರ್ರೆಂದು ಅರಚುತ್ತಿದ್ದರೆ ಕಿವಿಗೆ ಹತ್ತಿ ತುರುಕಿಕೊಂಡು ಕೂರುತ್ತಿದ್ದಳು. ಬರೆಯುವ ಪರೀಕ್ಷೆಯೇನೋ ಸಲೀಸಾಗಿ ಆಯಿತು; ಮುಗ್ಗರಿಸಿದ್ದು ಮಾತಿನಲ್ಲಿ. ರೋಗಿಯಂತೆ ನಟಿಸುವ ಒಬ್ಬನನ್ನು ಮುಂದೆ ಕೂರಿಸಿದ್ದರು. ಅವನು ಈ ದೇಶದ ಆಡುಮಾತಿನಲ್ಲಿ, ಈಚೆಗೆ ನನ್ನ ತಲೆಯೇ ಓಡುತ್ತಿಲ್ಲ ಎಂದ. ಡಾಕ್ಟರಮ್ಮ ಗಂಭೀರವಾಗಿ, ಮೊದಲು ಎಲ್ಲಿಗೆ ಓಡುತ್ತಿತ್ತು ಎಂದು ಕೇಳಿಬಿಟ್ಟಳು. ಆ ಸಲ ನಪಾಸು. ಮನೆಗೆ ಬಂದು ಹೇಳಿದಾಗ ಮೇಷ್ಟ್ರು ನಕ್ಕರು, ಆಕೆಯೂ ನಕ್ಕಳು, ನಗುತ್ತ ನಗುತ್ತಲೇ ಅಳು ಬಂತು. ಮರುವರ್ಷ ಪಾಸಾಗಿ, ತನಗಿಂತ ಎಷ್ಟೋ ಚಿಕ್ಕ ಹುಡುಗ ಹುಡುಗಿಯರ ಜೊತೆ ತರಬೇತಿಗೆ ನಿಂತಳು. ಅವರು ಮೆಟ್ಟಿಲನ್ನು ಎರಡೆರಡಾಗಿ ಹಾರುವಾಗ ಈಕೆ ಮಂಡಿ ಹಿಡಿದುಕೊಂಡು ಹತ್ತುತ್ತಿದ್ದಳು.

ತರಬೇತಿ ಮುಗಿದಾಗ, ಯಾರೂ ಹೋಗಲು ಒಪ್ಪದ ಒಂದು ಕ್ಲಿನಿಕ್ಕು ಖಾಲಿಯಿತ್ತು. ವಲಸೆ ಬಂದವರೇ ತುಂಬಿದ್ದ ಬಡಾವಣೆ. ಕೆಳಗೆ ಬಟ್ಟೆ ಒಗೆಯುವ ಅಂಗಡಿ, ಮೇಲೆ ಕ್ಲಿನಿಕ್ಕು. ಅಂಗಡಿಯ ಹಬೆಗೆ ಕಾಯುವ ಕೋಣೆಯ ಗೋಡೆಯ ಬಣ್ಣ ಸದಾ ಹಕ್ಕಳೆ ಎದ್ದಿರುತ್ತಿತ್ತು. ಡಾಕ್ಟರಮ್ಮ ಅದನ್ನೇ ಕೇಳಿ ತೆಗೆದುಕೊಂಡಳು. ನಾಲ್ಕಾರು ವರ್ಷ ಇದ್ದು ಒಳ್ಳೆಯ ಕಡೆ ವರ್ಗ ಕೇಳಿಕೊಂಡರಾಯಿತು ಎಂದುಕೊಂಡಿದ್ದಳು. ಕೇಳಲು ಪುರುಸೊತ್ತೇ ಆಗಲಿಲ್ಲ.

ಅಲ್ಲಿಗೆ ಬರುವವರು ಬರೀ ಕಾಯಿಲೆ ಹಿಡಿದು ಬರುತ್ತಿರಲಿಲ್ಲ. ಕೆಮ್ಮು ಎಂದು ಬಂದವಳ ಮನೆಗೆ ಹೋಗಿ ನೋಡಿದರೆ ಗೋಡೆಯ ತುಂಬ ಬೂಷ್ಟು. ಮನೆಯ ಮಾಲೀಕ ರಿಪೇರಿ ಮಾಡಿಸಲೊಲ್ಲ. ಮಾಲೀಕನ ಹತ್ತಿರ ಮಾತಾಡಲು ಡಾಕ್ಟರಮ್ಮನೇ ಹೋಗಬೇಕು. ಹೆರಿಗೆ ಆಸ್ಪತ್ರೆಯಲ್ಲಿ ಭಾಷೆ ಬರದ ಹೆಂಗಸೊಬ್ಬಳು ತನಗೆ ಏನು ಮಾಡುತ್ತಿದ್ದಾರೆಂದೇ ಗೊತ್ತಾಗದೆ ಕಿರುಚಿಕೊಂಡಳಂತೆ; ದುಭಾಷಿ ಬೇಕೆಂದು ಆಸ್ಪತ್ರೆಯ ಮುಖ್ಯಸ್ಥರ ಬಾಗಿಲಲ್ಲಿ ಡಾಕ್ಟರಮ್ಮನೇ ಕೂರಬೇಕು. ಹೀಗೆ ಕಾಲಿಗೆ ಚಕ್ರ ಕಟ್ಟಿಕೊಂಡಂತಾಯಿತು ಆಕೆಯ ಬದುಕು. ನಗರಸಭೆಯ ಕಚೇರಿಯಲ್ಲಿ ಆಕೆ ಬರುವುದು ಕಂಡರೆ ಗುಮಾಸ್ತರು ಕಾಫಿಗೆ ಎದ್ದು ಹೋಗುತ್ತಿದ್ದರು. ಆಕೆಯೂ ಕಾಫಿ ಯಂತ್ರದ ಹತ್ತಿರವೇ ಹೋಗಿ ನಿಲ್ಲುತ್ತಿದ್ದಳು. "ನಿನ್ನ ಕ್ಲಿನಿಕ್ಕಿಗೆ ಕಾಯಿಲೆ ಇರೋರೂ ಬರ್ತಾರೇನೇ?" ಎಂದು ಮೇಷ್ಟ್ರು ಕೇಳುತ್ತಿದ್ದರು. ಆ ಹೊತ್ತಿಗೆ ಅವರು ಷೆಡ್ಡು ಬಿಟ್ಟು ಬಸ್ ಡಿಪೋದಲ್ಲಿ ಡ್ರೈವರುಗಳಿಗೆ ಪಾಳಿ ಹಾಕುವ ಕೆಲಸ ಹಿಡಿದಿದ್ದರು. ಮಗಳು ಓದು ಮುಗಿಸಿ ಬೇರೆ ನಗರದಲ್ಲಿ ಕೆಲಸಕ್ಕಿದ್ದಳು.

ಕೆಮ್ಮಿಕೊಂಡು ಏಣಿ ಎನ್ನುವವನು ಬಂದದ್ದು ಆ ದಿನಗಳಲ್ಲಿ. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಅದಕ್ಕೇ ಆ ಹೆಸರು. ದೊಡ್ಡಣ್ಣನ ಷೆಡ್ಡಿನಲ್ಲಿ ಕಲ್ಲು ಕೊಯ್ಯುವವನು, ಮೂವತ್ತು ದಾಟಿದ ಗಟ್ಟಿ ಆಳು. ಹಿಂದಿನ ವರ್ಷದವರೆಗೂ ಒಂದೊಂದು ಕಲ್ಲಿನ ಹಲಗೆಯನ್ನು ಒಬ್ಬನೇ ಎತ್ತಿ ನಿಲ್ಲಿಸುತ್ತಿದ್ದವನು ಈಗ ಕ್ಲಿನಿಕ್ಕಿನ ಮೆಟ್ಟಿಲ ಅರ್ಧಕ್ಕೇ ಕೂತುಬಿಟ್ಟಿದ್ದ. ದೊಡ್ಡಾಸ್ಪತ್ರೆಯವರು ಕ್ಷಯ ಎಂದು ತಿಂಗಳುಗಟ್ಟಲೆ ಮಾತ್ರೆ ನುಂಗಿಸಿದ್ದರು. ಕಫದಲ್ಲಿ ಕ್ಷಯ ಯಾವತ್ತೂ ಸಿಕ್ಕಿರಲಿಲ್ಲ. ಡಾಕ್ಟರಮ್ಮ ಎಕ್ಸರೇಯನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ನೋಡಿದಳು. ಎರಡೂ ಕಡೆ ಮೇಲ್ಭಾಗದಲ್ಲಿ ಅವಲಕ್ಕಿ ಚೆಲ್ಲಿದ ಹಾಗೆ ಬಿಳಿಯ ಚುಕ್ಕೆಗಳು. ಹಳೆಯ ಕಡತಗಳಲ್ಲಿ ಒಂದನ್ನು ಹುಡುಕಿ ತೆಗೆದಳು. ಕಳೆದ ಚಳಿಗಾಲದಲ್ಲಿ ಬಂದಿದ್ದ ಇನ್ನೊಬ್ಬನ ಎಕ್ಸರೇಯೂ ಹೀಗೇ ಇತ್ತು. ಅವನೂ ಅದೇ ಷೆಡ್ಡಿನವನು.

ಮರುದಿನವೇ ಷೆಡ್ಡಿಗೆ ಹೋದಳು. ತಾವು ಸಂಸಾರ ಹೂಡಿದ್ದ ಅಟ್ಟ ಈಗ ಗೋದಾಮು. ಕೆಳಗೆ ಹಿಟ್ಟಿನ ಗಿರಣಿಗೆ ಬಂದಂತಾಯಿತು: ನೆಲ, ತೊಲೆ, ಗಡಿಯಾರದ ಗಾಜು, ಕೆಲಸದವರ ರೆಪ್ಪೆ, ಎಲ್ಲದರ ಮೇಲೂ ಬಿಳಿಯ ಪುಡಿ. ಮೊದಲೆಲ್ಲ ಬೆಟ್ಟದ ಕಲ್ಲು ಬರುತ್ತಿತ್ತು. ಈಗ ಬರುವುದು ಕಲ್ಲಿನ ಪುಡಿಗೆ ಅಂಟು ಬೆರೆಸಿ ಕಾರ್ಖಾನೆಯಲ್ಲಿ ಅಚ್ಚು ಹಾಕಿದ್ದು. ನೋಡಲು ಚೆಂದ, ಜನ ಮುಗಿಬಿದ್ದು ಕೊಳ್ಳುತ್ತಾರೆ. ಅದನ್ನು ಕೊಯ್ದಾಗ ಏಳುವ ಧೂಳು ಕಣ್ಣಿಗೆ ಕಾಣದಷ್ಟು ಸಣ್ಣದು, ಶ್ವಾಸಕೋಶದ ತಳಕ್ಕಿಳಿದು ಅಲ್ಲೇ ಬೇರೂರಿ ಗಂಟು ಕಟ್ಟುತ್ತದೆ. ಒಮ್ಮೆ ಕಟ್ಟಿತೆಂದರೆ ಕರಗಿಸುವ ಔಷಧಿ ಇಲ್ಲ. ಕೆಲಸ ಬಿಟ್ಟರೂ ಕಾಯಿಲೆ ಬಿಡುವುದಿಲ್ಲ. ಚಕ್ರದ ಮೇಲೆ ನೀರು ಬಿಡಲು ಕೊಳವೆ ಇತ್ತು, ಆದರೆ ತಿರುಚಿ ಮುಚ್ಚಿಟ್ಟಿದ್ದರು. ನೀರು ಬಿಟ್ಟರೆ ನೆಲವೆಲ್ಲ ಕೆಸರು, ಗೆರೆ ಕಾಣುವುದಿಲ್ಲ, ಕೆಲಸ ನಿಧಾನವಾಗುತ್ತದೆ ಎಂದು ಒಬ್ಬ ಹೇಳಿದ. ಮೂಗಿಗೆ ಕಟ್ಟಿಕೊಂಡಿದ್ದದ್ದು ತೆಳು ಬಟ್ಟೆ.

ದೊಡ್ಡಣ್ಣ ಕುರ್ಚಿ ಎಳೆದು ಕೂರಿಸಿದ. ಆಕೆ ಎಕ್ಸರೇ ತೋರಿಸಿ ಎಲ್ಲವನ್ನೂ ಬಿಡಿಸಿ ಹೇಳಿದಳು. ನೀರು ಬಿಡಿ, ಗಾಳಿ ಎಳೆಯುವ ಯಂತ್ರ ಹಾಕಿಸಿ, ಒಳ್ಳೆಯ ಮುಖವಾಡ ಕೊಡಿ, ಎಲ್ಲರಿಗೂ ಎಕ್ಸರೇ ತೆಗೆಸಿ ಎಂದು ಕೇಳಿಕೊಂಡಳು. ಅವನು ಆಗಲಿ, ನೋಡೋಣ ಎಂದ. ತಿಂಗಳು ಬಿಟ್ಟು ಹೋದಾಗಲೂ ನೋಡೋಣ ಎಂದ. ಮೂರನೆಯ ಸಲ ಹೋದಾಗ ಕುರ್ಚಿ ಎಳೆಯಲಿಲ್ಲ.

"ನಾನೂ ಇದೇ ಧೂಳು ಕುಡಿದು ದೊಡ್ಡವನಾದೆ ತಂಗಿ. ನನಗೇನಾಗಿದೆ?" ಎಂದ. "ನಾನು ನಿಧಾನ ಮಾಡಿದ್ರೆ ಗಿರಾಕಿ ಪಕ್ಕದ ಷೆಡ್ಡಿಗೆ ಹೋಗ್ತಾನೆ. ಆಮೇಲೆ ಇವರಿಗೆಲ್ಲ ಕೆಲಸ ಯಾರು ಕೊಡ್ತಾರೆ, ನೀನು ಕೊಡ್ತೀಯಾ?"

"ಈಗ ಅವರಿಗೆ ಏನು ಕೊಡ್ತಿದ್ದೀರ ಅಂತ ನೋಡಿ ಅಣ್ಣ" ಎಂದಳು.

ಅವನು ತಲೆಯೆತ್ತಿ ಅಟ್ಟದ ಕಡೆ ನೋಡಿದ. ಬಾಯಿಬಿಟ್ಟು ಹೇಳಿದ್ದರೆ ಜಗಳವಾಡಬಹುದಿತ್ತು. ಆ ನೋಟವನ್ನು ಹೊತ್ತುಕೊಂಡೇ ಆಕೆ ಮನೆಗೆ ಬಂದಳು, ಚಪ್ಪಲಿ ಬಿಚ್ಚದೆ ಹಜಾರದಲ್ಲಿ ಕೂತುಬಿಟ್ಟಳು. ಮೇಷ್ಟ್ರು ಪಕ್ಕದಲ್ಲಿ ಬಂದು ಕೂತರು. ಕಾರ್ಮಿಕ ಇಲಾಖೆಗೆ ದೂರು ಕೊಡುವುದು ಬಿಟ್ಟರೆ ಬೇರೆ ದಾರಿ ಕಾಣುತ್ತಿಲ್ಲ ಎಂದು ಆಕೆ ಹೇಳಿದಳು. ಮೇಷ್ಟ್ರು, ಬೇರೆ ಯಾರಾದರೂ ಕೊಡಲಿ, ನಾವು ಅವನ ಅನ್ನ ತಿಂದವರು ಎಂದರು. ಬೇರೆ ಯಾರಿದ್ದಾರೆ ಎಂದು ಆಕೆ ಕೇಳಿದಳು. ಅವರು ಎದ್ದು ಹೋಗಿ ಅನ್ನಕ್ಕೆ ಇಟ್ಟರು.

ದೂರು ಕೊಟ್ಟ ಸುದ್ದಿ ಬಡಾವಣೆಗೆಲ್ಲ ಹಬ್ಬಲು ಹೊತ್ತು ಹಿಡಿಯಲಿಲ್ಲ. ಇಲಾಖೆಯವರು ಬಂದರು, ಧೂಳಿನ ಮಾದರಿ ಹಿಡಿದುಕೊಂಡು ಹೋದರು, ವಿಚಾರಣೆ ಮುಗಿಯುವವರೆಗೆ ಷೆಡ್ಡಿಗೆ ಬೀಗ ಹಾಕಿದರು. ಕೆಲಸದವರೆಲ್ಲ ಬೀದಿಗೆ ಬಿದ್ದರು. ಡಾಕ್ಟರಮ್ಮ ಇದನ್ನು ಯೋಚಿಸಿರಲಿಲ್ಲವೆಂದಲ್ಲ. ಬೀಗ ಇಷ್ಟು ಬೇಗ ಬೀಳುತ್ತದೆಂದು, ಬಿದ್ದದ್ದನ್ನು ಇಷ್ಟು ದಿನ ತೆಗೆಯುವುದಿಲ್ಲವೆಂದು ಎಣಿಸಿರಲಿಲ್ಲ. ಕಾಯುವ ಕೋಣೆ ಅರ್ಧಕ್ಕರ್ಧ ಖಾಲಿಯಾಯಿತು. ಆಕೆಯೇ ಹೆರಿಗೆ ಮಾಡಿಸಿದ್ದ ಹೆಂಗಸೊಬ್ಬಳು ಬಸ್ಸಿನಲ್ಲಿ ಎದುರಾದಾಗ ಮಗುವಿನ ಮುಖವನ್ನು ಸೆರಗಿನಿಂದ ಮುಚ್ಚಿ ಆಚೆ ತಿರುಗಿಕೊಂಡಳು. ತಮ್ಮವರ ಸಂಘದ ಸಭೆಗೆ ಮೇಷ್ಟ್ರು ಹೋದರೆ ಪಕ್ಕದ ಕುರ್ಚಿಗಳು ಖಾಲಿ ಉಳಿದವು. ಅವರು ಮನೆಗೆ ಬಂದು ಅದನ್ನು ಹೇಳಲಿಲ್ಲ; ಬೇರೆಯವರಿಂದ ಗೊತ್ತಾಯಿತು. ಮಗಳು ಫೋನಿನಲ್ಲಿ, "ಅಮ್ಮಾ, ಸಾಕು ಮಾಡು. ಎಲ್ಲಾ ಬಿಟ್ಟು ಇಲ್ಲಿಗೆ ಬಂದುಬಿಡಿ" ಎಂದಳು. ಡಾಕ್ಟರಮ್ಮನಿಗೂ ಹೋಗಿಬಿಡಬೇಕು ಎನ್ನಿಸಿತ್ತು. ಕೋಪದಿಂದಲ್ಲ, ಸುಸ್ತಿನಿಂದ. ಬೆಳಿಗ್ಗೆ ಏಳುವಾಗಲೇ ಮೈ ಯಾರದೋ ಎನ್ನಿಸುವಷ್ಟು ಭಾರವಾಗಿರುತ್ತಿತ್ತು.

ವಿಚಾರಣೆಗೆ ಸಾಕ್ಷಿ ಹೇಳುವವರೇ ಸಿಗಲಿಲ್ಲ. ಆಕೆ ಮನೆಮನೆ ತಿರುಗಿದಳು. ಕೆಲವರು ಬಾಗಿಲು ತೆರೆಯಲಿಲ್ಲ, ತೆರೆದವರು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿ ಕಳಿಸಿದರು. ಕೊನೆಗೆ ಒಪ್ಪಿದವನು ಏಣಿ. ಅವನ ಹೆಂಡತಿಗೆ ಮನಸ್ಸಿರಲಿಲ್ಲ. ಇರುವಷ್ಟು ದಿನ ಜನರ ಜೊತೆ ಚೆನ್ನಾಗಿರೋಣ, ನಾಳೆ ನನಗೂ ಮಕ್ಕಳಿಗೂ ಇದೇ ಜನ ಬೇಕು ಎಂದು ಅವಳು ಡಾಕ್ಟರಮ್ಮನ ಎದುರೇ ಹೇಳಿದಳು. ಅದು ಸುಳ್ಳೇನೂ ಆಗಿರಲಿಲ್ಲ. ಡಾಕ್ಟರಮ್ಮ ಬೇಡ ಬಿಡು ಎಂದು ಎದ್ದಳು. ಏಣಿಯೇ ಕೈ ಸನ್ನೆ ಮಾಡಿ ಕೂರಿಸಿದ. ಆ ಹೊತ್ತಿಗೆ ಒಂದು ಮಾತಿಗೂ ಮತ್ತೊಂದಕ್ಕೂ ನಡುವೆ ಅವನು ಉಸಿರು ಹುಡುಕಬೇಕಾಗಿತ್ತು.

"ನನ್ನ ತಮ್ಮ ಮುಂದಿನ ವರ್ಷ ಬರ್ತಿದಾನೆ" ಎಂದ. "ಬಂದವನು ಅಲ್ಲಿಗೇ ಹೋಗ್ತಾನೆ. ಬೇರೆ ಎಲ್ಲಿಗೆ ಹೋಗ್ತಾನೆ?"

ಅವನನ್ನು ಗಾಲಿಕುರ್ಚಿಯಲ್ಲಿ, ಮೂಗಿಗೆ ಆಮ್ಲಜನಕದ ನಳಿಗೆ ಸಿಕ್ಕಿಸಿ ಕರೆದೊಯ್ದರು. ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜು, ಗಾಜಿನ ಲೋಟಗಳು, ಎಲ್ಲರ ಮುಂದೆ ಒಂದೊಂದು ಮೈಕು. ಡಾಕ್ಟರಮ್ಮ ಎಕ್ಸರೇಗಳನ್ನು ಒಂದೊಂದಾಗಿ ತೋರಿಸಿ ವಿವರಿಸಿದಳು. ಷೆಡ್ಡಿನ ಪರವಾಗಿ ಬಂದಿದ್ದ ವಕೀಲ, ಇವರೆಲ್ಲ ಬೀಡಿ ಸಿಗರೇಟು ಸೇದುವವರಲ್ಲವೇ ಎಂದು ಕೇಳಿದ. ಏಣಿ ತಾನು ಹುಟ್ಟಿದಾಗಿನಿಂದ ಸೇದಿದವನಲ್ಲ ಎಂದ. ಹಾಗಾದರೆ ಮುಖವಾಡ ಕೊಟ್ಟರೂ ಹಾಕಿಕೊಳ್ಳಲಿಲ್ಲವೇ ಎಂದು ವಕೀಲ ಮತ್ತೆ ಕೇಳಿದ. ಏಣಿ ಉತ್ತರ ಹೇಳಲು ಬಾಯಿ ತೆರೆದ, ಕೆಮ್ಮು ಹಿಡಿಯಿತು. ಮೈಕು ಹಾಕಿದ್ದರಿಂದ ಆ ಕೆಮ್ಮು ಇಡೀ ಕೋಣೆಗೆ ಕೇಳಿಸಿತು. ಅದು ನಿಲ್ಲುವವರೆಗೆ ಯಾರೂ ಯಾರ ಕಣ್ಣಿಗೂ ಕಣ್ಣು ಕೊಡಲಿಲ್ಲ. ಹಿಂದಿನ ಸಾಲಿನಲ್ಲಿ ಕೂತಿದ್ದ ದೊಡ್ಡಣ್ಣ ಎದ್ದು ಹೊರಗೆ ಹೋದ.

ತೀರ್ಪು ಬಂತು. ನೀರು ಬಿಡದೆ ಕೊಯ್ಯುವ ಒಣ ಕೊಯ್ತ ನಿಷೇಧ. ನೀರು, ಗಾಳಿಯಂತ್ರ, ವರ್ಷಕ್ಕೊಮ್ಮೆ ಎಲ್ಲರಿಗೂ ತಪಾಸಣೆ. ಕಾಯಿಲೆ ಬಿದ್ದವರಿಗೆ ಪರಿಹಾರವನ್ನೂ ಬರೆದಿದ್ದರು, ಆದರೆ ಅದು ಕೈಸೇರುವ ಮೊದಲೇ ಏಣಿ ತೀರಿಕೊಂಡ. ಪತ್ರಿಕೆಯವರು ಬಂದು ಡಾಕ್ಟರಮ್ಮನ ಫೋಟೋ ತೆಗೆದರು. ಗೆದ್ದಿರಲ್ಲ, ಏನನ್ನಿಸುತ್ತದೆ ಎಂದು ಕೇಳಿದರು. ಏನೂ ತೋಚದೆ, ಕಾಲು ನೋಯುತ್ತಿದೆ ಎಂದಳು. ಅವರು ಅದನ್ನು ತಮಾಷೆ ಎಂದುಕೊಂಡು ನಕ್ಕರು.

ಷೆಡ್ಡು ಮತ್ತೆ ತೆರೆಯಿತು. ಜನ ಒಬ್ಬೊಬ್ಬರಾಗಿ ಕ್ಲಿನಿಕ್ಕಿಗೆ ಹಿಂತಿರುಗಿದರು. ನಡುವೆ ಏನೂ ಆಗಿಲ್ಲವೆಂಬಂತೆ ಬಂದು ಕೂತರು, ಆಕೆಯೂ ಹಾಗೇ ನಾಡಿ ಹಿಡಿದಳು. ಏಣಿಯ ಹೆಂಡತಿ ಮಾತ್ರ ಬರಲಿಲ್ಲ. ದೊಡ್ಡಣ್ಣ ದಾರಿಯಲ್ಲಿ ಕಂಡರೆ ಎದುರಿನ ಕಾಲುದಾರಿಗೆ ದಾಟುತ್ತಿದ್ದ. ಹಾಗೆ ದಾಟುವಾಗ ನಡುರಸ್ತೆಯಲ್ಲಿ ಒಂದು ಕ್ಷಣ ನಿಲ್ಲುತ್ತಾನೆ ಎಂಬುದನ್ನು ಡಾಕ್ಟರಮ್ಮ ಗಮನಿಸಿದ್ದಳು. ಗಾಡಿಗಳಿಗಾಗಿ ನಿಲ್ಲುತ್ತಿರಲಿಲ್ಲ ಅವನು.

ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ, ಕಾಯುವ ಕೋಣೆ ಖಾಲಿಯಾದ ಹೊತ್ತು ನೋಡಿಕೊಂಡು ಅವನೇ ಬಂದ. ಹೆಂಡತಿ ಜೊತೆಗಿದ್ದಳು, ಅವಳೇ ಎಳೆದುಕೊಂಡು ಬಂದದ್ದೆಂದು ನೋಡಿದರೇ ಗೊತ್ತಾಗುತ್ತಿತ್ತು. ಅವನು ಅಂಗಿ ಬಿಚ್ಚಿ ಬೆನ್ನು ತೋರಿಸಿ ಕೂತ. ಡಾಕ್ಟರಮ್ಮ ಸ್ಟೆತಾಸ್ಕೋಪ್ ಇಟ್ಟಳು. ಎಕ್ಸರೇ ಬರುವ ಮೊದಲೇ ಆಕೆಗೆ ಗೊತ್ತಾಗಿತ್ತು, ಅವನಿಗೂ ಗೊತ್ತಾಗಿತ್ತು.

"ಎಷ್ಟು ಸಮಯ ಇದೆ ತಂಗಿ?" ಎಂದ ಅವನು, ಗೋಡೆ ನೋಡುತ್ತ.

ಏಣಿಯಷ್ಟು ವೇಗವಾಗಿ ಏರಿಲ್ಲ, ನಿಮ್ಮದು ಹಳೆಯದು, ಧೂಳಿನಿಂದ ದೂರವಿದ್ದರೆ ವರ್ಷಗಳೇ ಇವೆ ಎಂದು ಆಕೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವನು ಗುಂಡಿ ಹಾಕಿಕೊಳ್ಳುತ್ತ, ಇದನ್ನು ಕೆಲಸದವರಿಗೆ ಹೇಳಬೇಡ ಎಂದ. ಡಾಕ್ಟರಮ್ಮ ನಾನು ಯಾರ ಕಾಯಿಲೆಯನ್ನೂ ಯಾರಿಗೂ ಹೇಳುವವಳಲ್ಲ ಎಂದಳು. ಸ್ಟೆತಾಸ್ಕೋಪ್ ಮಡಚಿಡುತ್ತ, "ಆದ್ರೆ ನೀವು ಹೇಳಿದ್ರೆ ಕೇಳ್ತಾರೆ ಅಣ್ಣ. ನಾನು ಹೇಳಿ ಹೇಳಿ ಸಾಕಾಯ್ತು" ಎಂದಳು.

ಆ ಮಾತಿಗೆ ಕಾರಣವಿತ್ತು. ತೀರ್ಪು ಈ ನಗರದ ಎಲ್ಲೆಯವರೆಗೆ ಮಾತ್ರ. ಒಣ ಕೊಯ್ತದವರು ಗಡಿಯಾಚೆ, ಹೆದ್ದಾರಿಯ ಪಕ್ಕದ ತಗಡಿನ ಷೆಡ್ಡುಗಳಿಗೆ ಎದ್ದುಹೋಗಿದ್ದರು. ಬೀಗ ಬಿದ್ದಾಗ ಕೆಲಸ ಕಳೆದುಕೊಂಡವರಲ್ಲಿ ಹಲವರು ಅಲ್ಲೇ ಸೇರಿಕೊಂಡಿದ್ದರು. ಹೊಸದಾಗಿ ಬಂದ ಏಣಿಯ ತಮ್ಮನೂ ಅಲ್ಲೇ ಇದ್ದ. ಡಾಕ್ಟರಮ್ಮ ಅಲ್ಲಿಗೆ ಹೋದಾಗ ಮಾಲೀಕರು ಗೇಟಿನ ಒಳಗೇ ಬಿಟ್ಟಿರಲಿಲ್ಲ.

ದೊಡ್ಡಣ್ಣ ಅಂದು ಹಾಗೇ ಎದ್ದುಹೋದ. ಮುಂದಿನ ವಾರ ಅವನ ಹೆಂಡತಿ ಫೋನ್ ಮಾಡಿ, ಭಾನುವಾರ ತಯಾರಾಗಿರು, ಇವರು ಗಾಡಿ ತರುತ್ತಾರೆ ಎಂದಳು. ಕಲ್ಲು ಸಾಗಿಸುವ ಅವನ ಹಳೆಯ ಲಾರಿಯಲ್ಲಿ ಇಬ್ಬರೂ ಹೋದರು. ಈ ಸಲ ಗೇಟುಗಳು ತೆರೆದವು; ಅಲ್ಲಿನ ಮಾಲೀಕರಲ್ಲಿ ಹೆಚ್ಚಿನವರು ಒಂದು ಕಾಲಕ್ಕೆ ದೊಡ್ಡಣ್ಣನಲ್ಲೇ ಕಲ್ಲು ಹಿಡಿಯಲು ಕಲಿತವರು. ಅವನು ಭಾಷಣ ಮಾಡಲಿಲ್ಲ. ಹೋದಲ್ಲೆಲ್ಲ ತನ್ನ ಎಕ್ಸರೇಯನ್ನು ಚೀಲದಿಂದ ತೆಗೆದು ಬಾಗಿಲಿನ ಬೆಳಕಿಗೆ ಹಿಡಿದು, "ಇದು ನಂದು" ಎಂದ. ಡಾಕ್ಟರಮ್ಮ ಉಳಿದದ್ದನ್ನು ಹೇಳಿದಳು. ಒಬ್ಬ ಮಾಲೀಕ ಆಗಲೇ ನೀರಿನ ಕೊಳವೆ ಹಾಕಿಸುತ್ತೇನೆಂದ. ಇಬ್ಬರು ಯೋಚಿಸುತ್ತೇವೆ ಎಂದರು. ಒಬ್ಬ, ನಿಮಗೆ ವಯಸ್ಸಾಯಿತು ಅಣ್ಣ ಎಂದು ನಕ್ಕು ಚಕ್ರ ತಿರುಗಿಸಿದ. ಏಣಿಯ ತಮ್ಮ ಮಾತ್ರ ಮುಖದ ಬಟ್ಟೆ ಬಿಚ್ಚಿ, ನಿಮ್ಮ ಷೆಡ್ಡಿನಲ್ಲಿ ಕೆಲಸ ಇದೆಯಾ ಎಂದು ಕೇಳಿದ. ದೊಡ್ಡಣ್ಣ ನಾಳೆಯೇ ಬಾ ಎಂದ.

ವಾಪಸಾಗುವಾಗ ಮಾತಾಡಲು ಬೇಕಾದಷ್ಟಿತ್ತು, ಆದರೆ ಇಬ್ಬರಿಗೂ ಶಕ್ತಿ ಇರಲಿಲ್ಲ. ಇನ್ನೂ ನೋಡಬೇಕಾದ ಷೆಡ್ಡುಗಳು ಹೆದ್ದಾರಿಯ ಉದ್ದಕ್ಕೂ ಸಾಲಾಗಿ ಹಿಂದೆ ಸರಿಯುತ್ತಿದ್ದವು. ಮುಂದಿನ ಭಾನುವಾರ ಆಗುತ್ತದೆಯೇ ಎಂದು ಅವನು ಕೇಳಿದ. ಡಾಕ್ಟರಮ್ಮ ಹೂಂ ಎಂದಳು. ದೊಡ್ಡಣ್ಣ ಕೆಮ್ಮು ಬಂದಾಗ ಲಾರಿಯನ್ನು ಪಕ್ಕಕ್ಕೆ ನಿಲ್ಲಿಸಿ ಸುಧಾರಿಸಿಕೊಂಡ, ಮತ್ತೆ ನಿಧಾನಕ್ಕೆ ಹೊರಡಿಸಿದ.